ಮಚ್ಚು ಕೊಳ್ಳುವ ಮುನ್ನ



ಅವಲಪಲ್ಲಿ, ಬಾಗಲೂರು, ಬೇರಿಗೆ, ಕೆಲಮಂಗಲ, ತಳಿ, ದೆಂಕಣಿಕೋಟೆ. ಹೊಸೂರಿನ ಈ ಸುತ್ತಿನಲ್ಲಿ ಯಾವ ರೈತರ ಮನೆಗೆ ಹೋದರೂ ಸೂರಿನ ಸಂದಿಯಲ್ಲೋ ಕೊಟ್ಟಿಗೆಯ ಗೋಡೆಯಲ್ಲೋ ಒಂದು ಮಚ್ಚು ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಮಚ್ಚು ಎನ್ನುತ್ತೇವೆ. ಪಕ್ಕದ ತೆಲುಗಿನವರು ಕತ್ತಿ ಎನ್ನುತ್ತಾರೆ. ಆಚೆ ಬೀದಿಯ ತಮಿಳಿನವರು ಅರುವಾಳ್ ಎನ್ನುತ್ತಾರೆ, ವೆಟ್ಟುಕತ್ತಿ ಎನ್ನುತ್ತಾರೆ. ಹೆಸರು ಹಲವಾದರೂ ಕೆಲಸ ಒಂದೇ. ಬೇಲಿಗೆ ಮುಳ್ಳು ಕಡಿಯಬೇಕು, ಬಿದಿರು ಸೀಳಬೇಕು, ತೆಂಗಿನ ಗರಿ ಬಿಡಿಸಬೇಕು, ಒಲೆಗೆ ಸೌದೆ ಮಾಡಬೇಕು, ಮಳೆಗಾಳಿಗೆ ದಾರಿಗಡ್ಡ ಬಿದ್ದ ಕೊಂಬೆಯನ್ನು ತೆಗೆಯಬೇಕು.

ಎತ್ತು ಕೊಳ್ಳಲು ಹೋದಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಸೀರೆ ಕೊಳ್ಳುವಾಗ ಸೆರಗನ್ನು ಬಿಚ್ಚಿ ಬೆಳಕಿಗೆ ಹಿಡಿಯುತ್ತೇವೆ. ಮಚ್ಚು ಕೊಳ್ಳುವಾಗ ಮಾತ್ರ ಸಂತೆಯಲ್ಲಿ ಹರಡಿದ ರಾಶಿಯಿಂದ ಹೊಳೆಯುವ ಒಂದನ್ನು ಎತ್ತಿ, ರೇಟು ಕೇಳಿ, ಚೀಲಕ್ಕೆ ಹಾಕಿಕೊಂಡು ಬಂದುಬಿಡುತ್ತೇವೆ. ಎತ್ತು ಕೆಟ್ಟದ್ದಾದರೆ ದುಡ್ಡು ಹೋಗುತ್ತದೆ. ಮಚ್ಚು ಕೆಟ್ಟದ್ದಾದರೆ ಬೆರಳು ಹೋಗುತ್ತದೆ. ಬೀಸಿದಾಗ ಹಿಡಿಯಿಂದ ಅಲಗು ಹಾರಿತೆಂದರೆ ಎದುರಿಗಿದ್ದವರ ಗತಿ ಏನು? ಆದ್ದರಿಂದ ಈ ಹೊತ್ತು ಒಳ್ಳೆಯ ಮಚ್ಚನ್ನು ಹೇಗೆ ಆರಿಸಬೇಕು, ಹೇಗೆ ಇಟ್ಟುಕೊಳ್ಳಬೇಕು ಎನ್ನುವ ವಿಚಾರವನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಹೆಮ್ಮೆಯ ಮಾತು. ಕಬ್ಬಿಣ ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮದೇ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಎಂಬಲ್ಲಿ ಅಗೆದು ತೆಗೆದ ಕಬ್ಬಿಣದ ಕಾಲವನ್ನು ಪರೀಕ್ಷಿಸಿದಾಗ ಅದು ಕ್ರಿ.ಪೂ. 2172ರವರೆಗೆ ಹಿಂದಕ್ಕೆ ಹೋಗುತ್ತದೆ ಎಂದು 2022ರಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿತು. ಅಂದರೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮಾತು. ಇನ್ನೊಂದು ಸಂಗತಿ. ದಕ್ಷಿಣ ಭಾರತದ ಉಕ್ಕು ಇಂಗ್ಲೆಂಡಿಗೆ ಹೋದಾಗ ಅಲ್ಲಿನವರು ಅದನ್ನು ವೂಟ್ಸ್ ಎಂದು ಕರೆದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಅದರ ಬಗ್ಗೆ ಪ್ರಬಂಧ ಬರೆದ. ಮುಂದೆ ಮೈಕೆಲ್ ಫ್ಯಾರಡೆಯಂಥವನೂ ಅದರ ಗುಟ್ಟನ್ನು ಹುಡುಕಿದ. ಆ ವೂಟ್ಸ್ ಎಂಬ ಮಾತು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿರಬೇಕೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಇಂಥ ನೆಲದಲ್ಲಿ ಹುಟ್ಟಿದ ನಾವು ಕಬ್ಬಿಣ ಯಾವುದು, ಉಕ್ಕು ಯಾವುದು ಎಂದು ತಿಳಿಯದೆ ಮಚ್ಚು ಕೊಂಡರೆ ಚೆನ್ನಾಗಿರುವುದಿಲ್ಲ.

ಸರಿ, ಆಚಾರಿಯ ಕುಲುಮೆಗೆ ಹೋಗೋಣ. ನೀವು ಹೋಗಿ, "ಆಚಾರ್ರೇ, ನನಗೊಂದು ಮಚ್ಚು ಬೇಕು" ಎನ್ನುತ್ತೀರಿ. ಕಸುಬು ಬಲ್ಲ ಆಚಾರಿ ತಕ್ಷಣ ಕೇಳುವ ಮಾತು ಒಂದೇ: "ಯಾವ ಕೆಲಸಕ್ಕಪ್ಪಾ?" ಈ ಪ್ರಶ್ನೆಗೆ ಉತ್ತರ ಮನೆಯಿಂದಲೇ ಸಿದ್ಧವಾಗಿರಬೇಕು.

ಹುಲ್ಲು, ರಾಗಿ ತೆನೆ, ಎಳೆಯ ಬಳ್ಳಿ ಇವುಗಳಿಗೆ ಮಚ್ಚು ಬೇಡ, ಕುಡುಗೋಲು ಸಾಕು. ತೊಡೆ ಗಾತ್ರದ ಮರಕ್ಕೆ ಮಚ್ಚು ಸಾಲದು, ಅದಕ್ಕೆ ಕೊಡಲಿ ಅಥವಾ ಗರಗಸ ಬೇಕು. ಇವೆರಡರ ನಡುವಿನದು ಮಚ್ಚಿನ ಕೆಲಸ. ಲಂಟಾನದ ಪೊದೆ, ಸೀಮೆ ಜಾಲಿಯ ಮುಳ್ಳು, ಬಿದಿರು, ಮಣಿಕಟ್ಟಿನ ಗಾತ್ರದವರೆಗಿನ ಕೊಂಬೆ, ಎಳನೀರು, ತೆಂಗಿನ ಗರಿ. ಮಣಿಕಟ್ಟಿಗಿಂತ ದಪ್ಪದ್ದನ್ನು ದಿನವೂ ಮಚ್ಚಿನಲ್ಲಿ ಕಡಿಯುವವನ ತೋಳೂ ಸೋಲುತ್ತದೆ, ಮಚ್ಚೂ ಸೋಲುತ್ತದೆ.

ಲೋಕದ ಬೇರೆ ಕಡೆಯ ಜನರೂ ಹೀಗೆ ತಮ್ಮ ತಮ್ಮ ಗಿಡಮರ ನೋಡಿಯೇ ಕತ್ತಿ ಮಾಡಿಕೊಂಡಿದ್ದಾರೆ. ದಕ್ಷಿಣ ಅಮೆರಿಕದ ಕಡೆ ಮಚೆಟೆ ಎಂಬುದಿದೆ. ಅದು ಉದ್ದ, ತೆಳು, ಹಗುರ. ಕಬ್ಬು, ಹುಲ್ಲು, ಹಸಿ ಪೊದೆಗೆ ಬೀಸುತ್ತಲೇ ಹೋಗಬಹುದು. ಮಲೇಷ್ಯಾದ ಕಾಡಿನಲ್ಲಿ ಗಟ್ಟಿ ಮರ ಹೆಚ್ಚು, ಅಲ್ಲಿನ ಪರಾಂಗ್ ಅದಕ್ಕಿಂತ ದಪ್ಪ, ಮುಂಭಾರ. ನೇಪಾಳದ ಖುಕ್ರಿಯ ಅಲಗು ಸಾಮಾನ್ಯವಾಗಿ 10ರಿಂದ 12 ಅಂಗುಲ. ನಡು ಬಾಗಿ ಮುಂದೆ ಅಗಲವಾಗಿರುವುದರಿಂದ ಗಿಡ್ಡವಾದರೂ ಏಟು ಜೋರು. ನಮ್ಮ ಕೊಡಗಿನ ಒಡಿಕತ್ತಿಯನ್ನು ನೋಡಿದವರಿಗೆ ಈ ಬಾಗಿನ ಗುಣ ಗೊತ್ತು. ಮದುವೆಯಲ್ಲಿ ನಿಲ್ಲಿಸಿದ ಬಾಳೆಯ ದಿಂಡನ್ನು ಒಂದೇ ಏಟಿಗೆ ಕಡಿಯುವುದು ಅದರಿಂದಲೇ. ಈಗ ಪೇಟೆಯ ಅಂಗಡಿಗಳಲ್ಲಿ, ಫೋನಿನಲ್ಲಿ ತರಿಸುವ ಮಾರಾಟದಲ್ಲಿ, ಕಾಡಿಗೆ ಹೋಗುವವರಿಗೆಂದೇ ನಾನಾ ನಮೂನೆಯ ಕತ್ತಿಗಳು ಬಂದಿವೆ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯೊಳಗೆ ದಿಕ್ಸೂಚಿ, ಕಪ್ಪು ಬಣ್ಣ. ಒಳಗೆ ಟೊಳ್ಳಾದ ಹಿಡಿ ನಾಲ್ಕು ಏಟಿಗೆ ಸಡಿಲವಾಗುತ್ತದೆ. ನಮ್ಮ ಕಲ್ಲುನೆಲದ ಕುರುಚಲು ಕಾಡಿಗೆ ಊರ ಆಚಾರಿಯ ಮಚ್ಚೇ ಮೇಲು.

ಎರಡನೆಯದು ತೂಕ. ಭಾರವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿದೆ. ಇದು ಅರ್ಧ ಸತ್ಯ. ತೂಕ ಎರಡರಷ್ಟಾದರೆ ಏಟಿನಲ್ಲಿರುವ ಶಕ್ತಿ ಎರಡರಷ್ಟಾಗುತ್ತದೆ. ಆದರೆ ಬೀಸುವ ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ. ಎತ್ತಲಾಗದ ಭಾರದ ಮಚ್ಚನ್ನು ವೇಗವಾಗಿ ಬೀಸಲಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಕೈ ನಡುಗಲು ಶುರುವಾಗುತ್ತದೆ. ನಡುಗುವ ಕೈಯಿಂದಲೇ ಏಟು ಜಾರುವುದು. ಸಾಧಾರಣ ಆಳಿಗೆ ಅಲಗು 10ರಿಂದ 12 ಅಂಗುಲ, ಹಿಡಿ ಸೇರಿ ಒಟ್ಟು ತೂಕ 700ರಿಂದ 900 ಗ್ರಾಂ ಇದ್ದರೆ ಸಾಕು. ಹೆಣ್ಣುಮಕ್ಕಳೂ ನಮ್ಮಲ್ಲಿ ಸೌದೆ, ಮೇವು ಎಂದು ದಿನವೂ ಮಚ್ಚು ಹಿಡಿಯುವವರೇ. ಗಂಡಸರ ಅಳತೆಯದನ್ನೇ ಅವರ ಕೈಗೆ ಕೊಡುವುದು ಸರಿಯಲ್ಲ. 500 ಗ್ರಾಂ ಸುಮಾರಿನದನ್ನು ಬೇರೆಯಾಗಿ ಮಾಡಿಸಿ ಕೊಡಿ.

ತೂಕ ಎಷ್ಟಿದೆ ಎನ್ನುವುದರ ಜೊತೆಗೆ ತೂಕ ಎಲ್ಲಿದೆ ಎನ್ನುವುದನ್ನೂ ನೋಡಬೇಕು. ಮಚ್ಚನ್ನು ಒಂದು ಬೆರಳ ಮೇಲೆ ಅಡ್ಡಲಾಗಿ ಇಟ್ಟು ತಕ್ಕಡಿಯಂತೆ ತೂಗಿಸಿ. ಹಿಡಿಯಿಂದ ಎರಡು ಮೂರು ಅಂಗುಲ ಮುಂದೆ ಸಮ ನಿಂತರೆ ಅದು ಕಡಿಯುವ ಮಚ್ಚು. ಹಿಡಿಯ ಬಳಿಯೇ ಸಮ ನಿಂತರೆ ಹೆಚ್ಚುವುದಕ್ಕೆ ಸರಿ, ಕಡಿಯುವುದಕ್ಕೆ ಅಲ್ಲ. ತೀರಾ ಮುಂದೆ ನಿಂತರೆ ಮಣಿಕಟ್ಟು ನೋಯುತ್ತದೆ. ಬೆನ್ನಿನ ದಪ್ಪ ಹಿಡಿಯ ಕಡೆ 5-6 ಮಿಲಿಮೀಟರ್ ಇದ್ದು, ಬರುಬರುತ್ತಾ ತೆಳುವಾಗಿ ಬಾಯಿಗೆ ಇಳಿದಿರಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಲೋಹ. ಕಟ್ಟಡಕ್ಕೆ ಹಾಕುವ ಮೆದು ಕಬ್ಬಿಣದ ಪಟ್ಟಿಯಿಂದಲೂ ಮಚ್ಚಿನ ಆಕಾರ ಮಾಡಬಹುದು. ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಅದರಲ್ಲಿ ಇಂಗಾಲದ ಅಂಶ ಶೇಕಡಾ ಕಾಲು ಭಾಗಕ್ಕಿಂತ ಕಡಿಮೆ. ಕೆಂಪಗೆ ಕಾಯಿಸಿ ನೀರಿಗದ್ದಿದರೂ ಅದು ಗಡಸಾಗುವುದಿಲ್ಲ. ಮೊದಲ ಗಂಟುಮರಕ್ಕೇ ಬಾಯಿ ಮಡಚಿಕೊಳ್ಳುತ್ತದೆ. ಲಾರಿ, ಬಸ್ಸುಗಳ ಅಡಿಯಲ್ಲಿರುವ ಪಟ್ಟಿ ಸ್ಪ್ರಿಂಗಿನ ಉಕ್ಕು ಹಾಗಲ್ಲ. ಅದರಲ್ಲಿ ಇಂಗಾಲ ಶೇಕಡಾ ಅರ್ಧಕ್ಕಿಂತ ತುಸು ಹೆಚ್ಚು, ಜೊತೆಗೆ ಮ್ಯಾಂಗನೀಸ್, ಸಿಲಿಕಾನ್ ಅಥವಾ ಕ್ರೋಮಿಯಂ. ಸಾವಿರಾರು ಸಲ ಬಾಗಿ ಮತ್ತೆ ನೆಟ್ಟಗಾಗಲೆಂದೇ ಮಾಡಿದ ಉಕ್ಕು ಅದು. ಲಾರಿ ಕಟ್ಟುವ ಕಾರ್ಖಾನೆಯೇ ಇರುವ ಹೊಸೂರಿನಲ್ಲಿ, ಹೆದ್ದಾರಿಯ ಪಕ್ಕದ ಗುಜರಿಗಳಲ್ಲಿ ಈ ಪಟ್ಟಿಗೆ ಬರವಿಲ್ಲ. ಆಚಾರಿಗೆ ಸ್ಪಷ್ಟವಾಗಿ ಹೇಳಿ: "ಲಾರಿ ಪಟ್ಟಿಯಲ್ಲೇ ಮಾಡಿಕೊಡಿ." ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಆದ್ದರಿಂದ ತುಂಡಾಗಿ ಬಿದ್ದ ಪಟ್ಟಿಯ ಮುರಿದ ಜಾಗದ ಪಕ್ಕದಿಂದ ಬೇಡ, ಗಟ್ಟಿ ಭಾಗದಿಂದ ಕತ್ತರಿಸಲು ಕೇಳಿ.

ಉಕ್ಕು ಒಳ್ಳೆಯದಾದರೆ ಸಾಲದು, ಹದ ಬೀಳಬೇಕು. ಅಲಗನ್ನು ಕೆಂಪು ಕಿತ್ತಳೆಯ ಬಣ್ಣಕ್ಕೆ ಕಾಯಿಸಿ ತಟ್ಟನೆ ತಣಿಸಿದರೆ ಉಕ್ಕು ಗಾಜಿನಷ್ಟು ಗಡಸಾಗುತ್ತದೆ. ಹಾಗೆಯೇ ಬಿಟ್ಟರೆ ಗಾಜಿನಂತೆಯೇ ಚೂರಾಗುತ್ತದೆ. ಅದಕ್ಕೇ ಮತ್ತೊಮ್ಮೆ ಸಣ್ಣಗೆ ಕಾಯಿಸುತ್ತಾರೆ. ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ಆಮೇಲೆ ನೀಲಿ ಓಡಿ ಬರುತ್ತದೆ. ಕಡಿಯುವ ಮಚ್ಚಿಗೆ ಕಂದು ದಾಟಿ ನೇರಳೆ ಮುಟ್ಟುವ ಹೊತ್ತಿಗೆ ನಿಲ್ಲಿಸಿದರೆ ಸರಿ. ಅಂದರೆ ಹೆಚ್ಚುಕಡಿಮೆ 270-280 ಡಿಗ್ರಿ ಸೆಲ್ಸಿಯಸ್ ಶಾಖ. ಉಷ್ಣಮಾಪಕ ಇಲ್ಲದೆ, ಕಣ್ಣಳತೆಯಲ್ಲೇ ಇದನ್ನು ಹಿಡಿಯುವ ವಿದ್ಯೆ ನಮ್ಮ ಆಚಾರಿಗಳದು. ಲಾರಿ ಪಟ್ಟಿಯನ್ನು ತಣ್ಣೀರಿಗೆ ಅದ್ದಿದರೆ ಬಿರುಕು ಬಿಡುವ ಭಯವಿದೆ, ಎಣ್ಣೆಗೆ ಅದ್ದುವುದು ಕ್ಷೇಮ. ಬಾಯಿಗೆ ಮಾತ್ರ ಗಡಸು ಕೊಟ್ಟು ಬೆನ್ನನ್ನು ಮೆದುವಾಗಿ ಬಿಡುವವನು ಇನ್ನೂ ಜಾಣ. ಬಾಯಿ ಕಡಿಯುತ್ತದೆ, ಬೆನ್ನು ಏಟು ನುಂಗಿಕೊಳ್ಳುತ್ತದೆ.

ಕೊಳ್ಳುವವರು ಇದನ್ನು ಪರೀಕ್ಷಿಸುವುದು ಹೇಗೆ? ಒಂದು ಹಳೆಯ ಅರ ಜೊತೆಗಿಟ್ಟುಕೊಳ್ಳಿ. ಮಚ್ಚಿನ ಬಾಯಿಯ ಮೇಲೆ ಮೆಲ್ಲಗೆ ಎಳೆಯಿರಿ. ಬೆಣ್ಣೆಯಂತೆ ತಿಂದುಕೊಂಡು ಹೋದರೆ ಮೆದು. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅತಿ ಗಡಸು. ಕಷ್ಟಪಟ್ಟು, ಸ್ವಲ್ಪ ಸ್ವಲ್ಪವೇ ಹಿಡಿದರೆ ಹದ ಸರಿಯಾಗಿದೆ. ಎರಡನೆಯ ಪರೀಕ್ಷೆ, ಒಣಗಿದ ಜಾಲಿಯ ಗಂಟಿಗೆ ಹತ್ತು ಏಟು ಹಾಕಿ ಬಾಯಿಯನ್ನು ಬೆಳಕಿಗೆ ಹಿಡಿದು ನೋಡುವುದು. ಬಾಯಿ ಒಂದು ಕಡೆಗೆ ಮಡಚಿದ್ದರೆ ಹದ ಸಾಲದು. ಚೂರು ಹಾರಿ ಹಲ್ಲು ಬಿದ್ದಿದ್ದರೆ ಹದ ಹೆಚ್ಚಾಯಿತು. ಎರಡೂ ಇಲ್ಲದಿದ್ದರೆ ಬೆಲೆ ಮಾತಾಡಿ. ಪರೀಕ್ಷೆ ಮಾಡುತ್ತೇನೆ ಎಂದರೆ ನಿಜವಾದ ಕಸುಬಿನವನು ಕೋಪಿಸಿಕೊಳ್ಳುವುದಿಲ್ಲ, ಮರದ ತುಂಡನ್ನು ತಾನೇ ಮುಂದಿಡುತ್ತಾನೆ.

ಮೊನೆಯ ಆಕಾರವನ್ನೂ ನೋಡಿ. ನಮ್ಮ ಕಡೆಯ ಮಚ್ಚುಗಳಲ್ಲಿ ತುದಿ ಗಿಳಿಮೂಗಿನಂತೆ ಒಳಗೆ ಬಾಗಿರುವುದುಂಟು. ಇದು ಅಂದಕ್ಕೆ ಮಾಡಿದ್ದಲ್ಲ. ಪೊದೆಯ ಬುಡಕ್ಕೆ ಬೀಸಿದಾಗ ಆ ಮೂಗು ಮೊದಲು ನೆಲ ಮುಟ್ಟಿ ಬಾಯಿ ಕಲ್ಲಿಗೆ ತಾಗದಂತೆ ಕಾಯುತ್ತದೆ. ಮುಳ್ಳಿನ ಕೊಂಬೆಯನ್ನು ಕೈ ಹಾಕದೆ ಎಳೆದುಕೊಳ್ಳುವುದಕ್ಕೂ ಆಗುತ್ತದೆ. ಕೃಷ್ಣಗಿರಿಯಂಥ ಕರಿಕಲ್ಲಿನ ಸೀಮೆಗೆ ಇದು ಹೇಳಿ ಮಾಡಿಸಿದ ಆಕಾರ. ಎಳನೀರು, ಸೌದೆ ಮಾತ್ರವೇ ಕೆಲಸವಾದರೆ ನೇರ ಬಾಯಿಯದು ಸಾಕು.

ನಾಲ್ಕನೆಯದು ಹಿಡಿ. ಹೆಚ್ಚಿನ ಅಪಾಯ ಹುಟ್ಟುವುದು ಇಲ್ಲಿಂದಲೇ. ಅಲಗಿನ ಬಾಲ ಹಿಡಿಯೊಳಗೆ ಎರಡಂಗುಲ ಮಾತ್ರ ಹೋಗಿದ್ದರೆ ಅಂಥದನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಬಾಲ ಹಿಡಿಯ ಉದ್ದಕ್ಕೂ ಹೋಗಿ ಹಿಂದೆ ಹೊರಬಂದು ಮಡಚಿರಬೇಕು. ಇಲ್ಲವೇ ಪಟ್ಟಿಯಷ್ಟೇ ಅಗಲವಾಗಿ ಹಿಂದಕ್ಕೆ ಬಂದು, ಎರಡು ಪಕ್ಕ ಮರ ಕೂರಿಸಿ, ಮೂರು ಮೊಳೆ ಬಡಿದಿರಬೇಕು. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರಲಿ, ಮರ ಸೀಳುವುದು ತಪ್ಪುತ್ತದೆ. ಮರ ಜಾಲಿಯದೋ ದಿಂಡಿಗದ್ದೋ ಆಗಲಿ, ಚೆನ್ನಾಗಿ ಒಣಗಿರಲಿ. ಹಸಿಮರದ ಹಿಡಿ ಬೇಸಿಗೆಗೆ ಕುಗ್ಗಿ ಸಡಿಲವಾಗುತ್ತದೆ. ಉರುಟು ಹಿಡಿ ಕೈಯಲ್ಲಿ ತಿರುಗುತ್ತದೆ, ಮೊಟ್ಟೆಯಾಕಾರದ್ದು ತಿರುಗುವುದಿಲ್ಲ. ಹಿಂತುದಿ ಸ್ವಲ್ಪ ಉಬ್ಬಿದ್ದರೆ ಬೆವರಿದ ಕೈಯಿಂದ ಜಾರದು. ವಾರ್ನಿಷ್ ಹಚ್ಚಿ ಮಿರಮಿರ ಮಾಡಿದ ಹಿಡಿ ಬೇಡ, ಹರಳೆಣ್ಣೆ ಉಜ್ಜಿದರೆ ಸಾಕು.

ತಂದ ಮೇಲೆ ಆರೈಕೆ. ಮಸೆಯುವ ಕಲ್ಲಿಗೆ ನೀರು ಹಾಕಿ, ಎರಡು ಮಗ್ಗುಲನ್ನೂ ಸಮವಾಗಿ ಮಸೆಯಿರಿ. ಬಾಯಿಯನ್ನು ಕ್ಷೌರದ ಕತ್ತಿಯಷ್ಟು ತೆಳು ಮಾಡಬೇಡಿ, ಗಟ್ಟಿ ಮರಕ್ಕೆ ಅದು ನಿಲ್ಲುವುದಿಲ್ಲ. ಎರಡು ಮಗ್ಗುಲೂ ಸೇರಿ 30 ಡಿಗ್ರಿ ಸುಮಾರು ಇದ್ದರೆ ಸಾಕು. ಈಗ ಎಲ್ಲರೂ ವೆಲ್ಡಿಂಗ್ ಅಂಗಡಿಗೆ ಹೋಗಿ ಕರೆಂಟಿನ ಚಕ್ರಕ್ಕೆ ಹಿಡಿಸುತ್ತಾರೆ. ಕಿಡಿ ಹಾರುವುದು ನೋಡಲು ಚಂದ. ಆದರೆ ಬಾಯಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಆಚಾರಿ ಹಾಕಿದ ಹದ ಅಲ್ಲಿಗೆ ಇಳಿದು ಹೋಯಿತು. ಚಕ್ರಕ್ಕೆ ಹಿಡಿಯಲೇಬೇಕಾದರೆ ಮತ್ತೆ ಮತ್ತೆ ನೀರಿಗದ್ದಿ ಹಿಡಿಯಲು ಹೇಳಿ. ಕೆಲಸ ಮುಗಿದ ಮೇಲೆ ಹಾಲುಗಿಡದ ಅಂಟು, ಹುಣಸೆಯ ಹುಳಿ ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಚರ್ಮದ್ದೋ ಮರದ್ದೋ ಒಂದು ಒರೆ ಮಾಡಿಸಿ. ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಡಿ.

ಬಳಸುವಾಗ ನಾಲ್ಕು ಮಾತು ಮರೆಯಬೇಡಿ. ಕೊಂಬೆಗೆ ನೇರ ಅಡ್ಡ ಏಟು ಬೇಡ, ಓರೆಯಾಗಿ ಹಾಕಿ, ಸುಲಭವಾಗಿ ಹೋಗುತ್ತದೆ. ಏಟು ತಪ್ಪಿದರೆ ಅಲಗು ಎಲ್ಲಿಗೆ ಬರುತ್ತದೆ ಎಂದು ಮೊದಲೇ ನೋಡಿಕೊಂಡು, ಆ ದಾರಿಯಲ್ಲಿ ನಿಮ್ಮ ಮೊಣಕಾಲು, ಎಡಗೈ ಇರದಂತೆ ನಿಲ್ಲಿ. ತೋಳು, ಮಚ್ಚು ಎರಡೂ ಸೇರಿದ ಉದ್ದದ ಇಮ್ಮಡಿ ದೂರದೊಳಗೆ ಯಾರೂ ಇರಬಾರದು. ಕುಡಿದವರ ಕೈಗೂ, ಕತ್ತಲಲ್ಲೂ ಮಚ್ಚು ಬೇಡ.

ಅಷ್ಟಾಗಿಯೂ ಏಟು ಬಿದ್ದರೆ ಗಾಯಕ್ಕೆ ಕಾಫಿಪುಡಿ, ಸುಣ್ಣ, ಅರಿಶಿನ ತುಂಬಬೇಡಿ. ಶುದ್ಧವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ, ಕೈಯನ್ನು ಎದೆಗಿಂತ ಮೇಲಕ್ಕೆ ಎತ್ತಿ, 108ಕ್ಕೆ ಫೋನ್ ಮಾಡಿ. ಬೆರಳು ತುಂಡಾಗಿದ್ದರೆ ಬಿಸಾಡಬೇಡಿ. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಟ್ಟು ಆಸ್ಪತ್ರೆಗೆ ಒಯ್ಯಿರಿ. ಬೆರಳಿಗೆ ನೇರವಾಗಿ ಐಸು ತಾಗಬಾರದು. ಬೇಗ ತಲುಪಿದರೆ ಮತ್ತೆ ಜೋಡಿಸುವ ಸಾಧ್ಯತೆ ಇರುತ್ತದೆ. ಧನುರ್ವಾಯು ಬಾರದಂತೆ ಚುಚ್ಚುಮದ್ದು ಮರೆಯಬೇಡಿ. ಪೊದೆ ಕಡಿಯುವಾಗ ಹಾವು ಕಚ್ಚಿದರೆ ಅದೇ ಮಚ್ಚಿನಿಂದ ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹರಿಸುವ ಹಳೆಯ ಪದ್ಧತಿ ಪ್ರಾಣಕ್ಕೆ ಎರವು. ಅದಕ್ಕೆ ಮದ್ದು ಆಸ್ಪತ್ರೆಯಲ್ಲಿದೆ.

ಇನ್ನು ಆನೆಯ ಮಾತು. ರಾಗಿ ತೆನೆ ಕಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ, ದೆಂಕಣಿಕೋಟೆಯ ಕಾಡಿಗೆ ಆನೆಗಳು ಬರುತ್ತವೆ, ಹೊಲಕ್ಕೂ ಇಳಿಯುತ್ತವೆ. ಕಾವಲಿಗೆ ಹೋಗುವವರು ಧೈರ್ಯಕ್ಕೆಂದು ಮಚ್ಚು ಹಿಡಿದು ಹೋಗುತ್ತಾರೆ. ಆನೆಯ ಮುಂದೆ ಮಚ್ಚು ಯಾತಕ್ಕೂ ಬಾರದು. ಕೈಯಲ್ಲಿದೆ ಎಂಬ ಭ್ರಮೆಯಲ್ಲಿ ಹತ್ತು ಹೆಜ್ಜೆ ಮುಂದೆ ಹೋದವನಿಗೆ ಹಿಂದೆ ಬರಲು ಹೊತ್ತಿರುವುದಿಲ್ಲ. ಅಲ್ಲಿ ಬೇಕಾದದ್ದು ದೂರ, ಬೆಳಕು, ಜೊತೆಗಾರರು, ಅರಣ್ಯ ಇಲಾಖೆಯವರಿಗೆ ಸುದ್ದಿ.

ಕಾನೂನನ್ನೂ ತಿಳಿದಿರಿ. 1959ರ ಆಯುಧ ಕಾಯ್ದೆ ಮನೆಗೆಲಸಕ್ಕೆ, ಬೇಸಾಯಕ್ಕೆಂದೇ ಮಾಡಿದ ಉಪಕರಣವನ್ನು ಆಯುಧವೆಂದು ಎಣಿಸುವುದಿಲ್ಲ. ಆದರೆ ಅಂಥ ಕೆಲಸಕ್ಕಲ್ಲದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು 2016ರ ಆಯುಧ ನಿಯಮಗಳು ಆಯುಧದ ಪಟ್ಟಿಗೆ ಸೇರಿಸಿವೆ. ಹೊಲಕ್ಕೆ ಹೋಗುವಾಗ ಹೆಗಲ ಮೇಲಿದ್ದರೆ ಅದು ಉಪಕರಣ. ರಾತ್ರಿ ಮೋಟಾರ್ ಬೈಕಿನಲ್ಲಿ ಅಂಗಿಯೊಳಗೆ ಇದ್ದರೆ ಪೊಲೀಸರು ಅದನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ನಮ್ಮ ಸಿನಿಮಾದವರು ಮಚ್ಚಿಗೆ ಲಾಂಗು ಎಂದು ಹೆಸರಿಟ್ಟು ಹುಡುಗರ ತಲೆಯಲ್ಲಿ ತುಂಬಿದ್ದು ಆ ಎರಡನೆಯದನ್ನು. 2021ರಲ್ಲಿ ತಮಿಳುನಾಡಿನ ಪೊಲೀಸರು, ಕುಲುಮೆಗಳಲ್ಲಿ ಕೊಳ್ಳುವವರ ಹೆಸರು, ವಿಳಾಸ ಬರೆದಿಡಬೇಕೆಂದು ಹೇಳಿದರು. ಆಚಾರಿ ಹೆಸರು ಕೇಳಿದರೆ ಬೇಸರಿಸದೆ ಬರೆಸಿ, ಅದು ಅವನಿಗೂ ನಿಮಗೂ ರಕ್ಷೆ. 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಎಂದು ನಮ್ಮ ಕಡೆಯ ಕಾಡುಗಳು ವನ್ಯಧಾಮಗಳಾಗಿವೆ. 1972ರ ವನ್ಯಜೀವಿ ಕಾಯ್ದೆಯಂತೆ ಅವುಗಳೊಳಗೆ ಅನುಮತಿ ಇಲ್ಲದೆ ಆಯುಧ ಹಿಡಿದು ಹೋಗುವಂತಿಲ್ಲ. ಹಸಿಮರಕ್ಕೆ ಏಟು ಹಾಕುವುದಂತೂ ಅಪರಾಧವೇ.

ಕೊನೆಯದಾಗಿ ಬೆಲೆ. ಸಂತೆಯ ಹೊಳೆಯುವ ಮಚ್ಚಿಗಿಂತ ಆಚಾರಿ ಮಾಡಿಕೊಡುವುದು ದುಬಾರಿ ಅನಿಸಬಹುದು. ಆದರೆ ಅದು ಹತ್ತಾರು ವರ್ಷ ಬರುತ್ತದೆ. ಬಾಯಿ ಸವೆದರೆ ಅವನೇ ಮತ್ತೆ ಕಾಯಿಸಿ ಬಡಿದು ಹದ ಹಾಕಿ ಕೊಡುತ್ತಾನೆ. ತಿದಿಯ ಬಿಸಿಯ ಮುಂದೆ ಅರ್ಧ ದಿನ ಬೆವರಿದವನ ಹತ್ತಿರ ಐವತ್ತು ರೂಪಾಯಿಗೆ ಚೌಕಾಸಿ ಮಾಡಿ ಗೆದ್ದರೆ ನಾವು ಗೆದ್ದ ಹಾಗಲ್ಲ. ಅವನ ಮಗ ಸುತ್ತಿಗೆ ಬಿಟ್ಟು ಕಾರ್ಖಾನೆಯ ಗೇಟಿನ ಮುಂದೆ ನಿಂತರೆ, ಮುಂದಿನ ಸಲ "ಯಾವ ಕೆಲಸಕ್ಕಪ್ಪಾ?" ಎಂದು ಕೇಳುವವರೇ ಊರಿನಲ್ಲಿ ಇರುವುದಿಲ್ಲ. ಆಯುಧ ಪೂಜೆಯ ದಿನ ಮಚ್ಚಿಗೆ ಕುಂಕುಮ ಇಡುವಾಗ ಅದನ್ನು ಬಡಿದ ಕೈಯನ್ನೂ ಒಮ್ಮೆ ನೆನೆಯಿರಿ.

ಈ ವಾರ ಬಿಡುವಾದಾಗ ನಿಮ್ಮ ಮನೆಯ ಮಚ್ಚನ್ನು ಕೆಳಗಿಳಿಸಿ, ಹಿಡಿ ಅಲುಗಾಡಿಸಿ ನೋಡಿ. ಒಂದು ಕೂದಲೆಳೆಯಷ್ಟು ಅಲುಗಿದರೂ ಅದನ್ನು ಬೀಸದೆ ನೇರ ಕುಲುಮೆಗೆ ಕೊಂಡೊಯ್ಯಿರಿ.